ಸೋಲಿಲ್ಲದ ಗೆಲುವಿನ ಆಸೆ: ಹೆರ್ಮನ್ ಪ್ರಕರಣ

ಪ್ರೀತಿಯ ಆಸೆ ಮತ್ತು ಹಣದ ಆಸೆ ಒಬ್ಬನಲ್ಲೇ ಹೆಣೆದುಕೊಂಡು ಅವನನ್ನು ದುರಂತಕ್ಕೆ ಒಯ್ಯುವ ಕಥೆಗಳು ಸಾಹಿತ್ಯದಲ್ಲಿ ಹೇರಳ. ಅವುಗಳ ನಾಯಕರು ಸಾಮಾನ್ಯವಾಗಿ ದುಂದುಗಾರರು, ಸಾಲದಲ್ಲಿ ಮುಳುಗಿದವರು, ಮೋಹಕ್ಕೆ ಸಿಕ್ಕಿ ಮುಂದುಗಾಣದವರು. ಹಾಗಾಗಿ ಅವರ ಪತನವನ್ನು ಓದುಗ ಮೊದಲೇ ಊಹಿಸಿರುತ್ತಾನೆ. ರಷ್ಯನ್ ಲೇಖಕ ಅಲೆಕ್ಸಾಂಡರ್ ಪುಷ್ಕಿನ್ 1833ರ ಶರತ್ಕಾಲದಲ್ಲಿ ಬೊಲ್ದಿನೊ ಎಂಬ ಹಳ್ಳಿಯಲ್ಲಿದ್ದಾಗ ಬರೆದು 1834ರಲ್ಲಿ ಪ್ರಕಟಿಸಿದ ‘ಇಸ್ಪೀಟು ರಾಣಿ’ ಎಂಬ ನೀಳ್ಗತೆಯ ನಾಯಕ ಹೆರ್ಮನ್ ಈ ಯಾವ ಗುಂಪಿಗೂ ಸೇರಿದವನಲ್ಲ. ಅವನು ಮಿತವ್ಯಯಿ, ಲೆಕ್ಕಾಚಾರದ ಮನುಷ್ಯ, ಕಥೆಯ ಆರಂಭದವರೆಗೆ ಒಮ್ಮೆಯೂ ಇಸ್ಪೀಟಿನ ಎಲೆಯನ್ನು ಕೈಯಲ್ಲಿ ಹಿಡಿಯದವನು. ಅಂಥವನು ಒಬ್ಬ ಹುಡುಗಿಯನ್ನು ವಂಚಿಸಿ, ಒಬ್ಬ ವೃದ್ಧೆಯ ಸಾವಿಗೆ ಕಾರಣನಾಗಿ, ಇದ್ದ ಹಣವನ್ನೆಲ್ಲ ಕಳೆದುಕೊಂಡು ಹುಚ್ಚನಾಗುತ್ತಾನೆ. ನನ್ನ ಅಭಿಪ್ರಾಯದಲ್ಲಿ ಅವನ ದುರಾಸೆಯನ್ನು ಅವನು ಬಯಸಿದ ಹಣದ ಮೊತ್ತದಿಂದ ಅಳೆಯಲಾಗದು. ಸೋಲುವ ಸಾಧ್ಯತೆಯೇ ಇಲ್ಲದ ಗೆಲುವು ತನಗೆ ಬೇಕೆಂಬ ಹಟವೇ ಅವನ ದುರಾಸೆ, ಮತ್ತು ಆ ಹಟವನ್ನು ಅವನು ಹಣಕ್ಕೆ ಅನ್ವಯಿಸಿದಷ್ಟೇ ಕಟ್ಟುನಿಟ್ಟಾಗಿ ಪ್ರೀತಿಗೂ ಅನ್ವಯಿಸುತ್ತಾನೆ.

ವ್ಯಕ್ತಿ ಮತ್ತು ಸನ್ನಿವೇಶ

ಹೆರ್ಮನ್ ಪೀಟರ್ಸ್‌ಬರ್ಗಿನಲ್ಲಿರುವ ಸೇನೆಯ ಇಂಜಿನಿಯರ್ ಅಧಿಕಾರಿ. ರಷ್ಯಾದಲ್ಲಿ ನೆಲೆಸಿ ರಷ್ಯನ್ನನೇ ಆಗಿಹೋದ ಜರ್ಮನ್ ಮೂಲದವನೊಬ್ಬನ ಮಗ. ತಂದೆ ಬಿಟ್ಟುಹೋದ ಸಣ್ಣ ಬಂಡವಾಳದ ಬಡ್ಡಿಯನ್ನೂ ಮುಟ್ಟದೆ ಸಂಬಳದಲ್ಲೇ ಬದುಕುತ್ತಾನೆ. ಗೆಳೆಯರು ರಾತ್ರಿಯಿಡೀ ಜೂಜಾಡುವಾಗ ಅವನು ಬೆಳಗಿನ ಐದು ಗಂಟೆಯವರೆಗೆ ಪಕ್ಕದಲ್ಲಿ ಕುಳಿತು, ಆಟದ ಪ್ರತಿಯೊಂದು ತಿರುವನ್ನೂ ಜ್ವರ ಬಂದವನಂತೆ ಹಿಂಬಾಲಿಸುತ್ತಾನೆಯೇ ಹೊರತು ಪಣ ಕಟ್ಟುವುದಿಲ್ಲ. ಹೆಚ್ಚುವರಿಯಾದದ್ದು ಸಿಗಬಹುದೆಂಬ ಆಸೆಯಿಂದ ಅಗತ್ಯವಾದದ್ದನ್ನು ಬಲಿಕೊಡುವ ಸ್ಥಿತಿಯಲ್ಲಿ ತಾನಿಲ್ಲ ಎಂಬುದು ಅವನ ಸಮಜಾಯಿಷಿ. ಈ ಮಾತನ್ನು ವಿವೇಕವೆಂದು ಹೊಗಳುವುದು ಸುಲಭ. ಆದರೆ ಜೂಜಿನಲ್ಲಿ ಆಸಕ್ತಿಯೇ ಇಲ್ಲದವನು ರಾತ್ರಿಯಿಡೀ ಮೇಜಿನ ಪಕ್ಕ ಕುಳಿತುಕೊಳ್ಳುವುದಿಲ್ಲ. ಅವನ ಸಂಯಮದ ಕೆಳಗೆ ಇತರರಿಗಿಂತ ಹೆಚ್ಚಿನ ಹಸಿವು ಅಡಗಿದೆ, ಆ ಹಸಿವು ಕಾಯುತ್ತಿರುವುದು ಅಪಾಯವಿಲ್ಲದ ಅವಕಾಶಕ್ಕಾಗಿ ಮಾತ್ರ.

ಅವಕಾಶ ಒಂದು ಹರಟೆಯ ರೂಪದಲ್ಲಿ ಬರುತ್ತದೆ. ಗೆಳೆಯ ಟೊಮ್‌ಸ್ಕಿ ತನ್ನ ಅಜ್ಜಿಯಾದ, ಕೌಂಟೆಸ್ ಎಂಬ ಕುಲೀನ ಬಿರುದಿನ ವೃದ್ಧೆಯ ಕಥೆಯನ್ನು ಹೇಳುತ್ತಾನೆ. ಸುಮಾರು ಅರವತ್ತು ವರ್ಷಗಳ ಹಿಂದೆ ಪ್ಯಾರಿಸ್ಸಿನಲ್ಲಿ ಆಕೆ ಜೂಜಿನಲ್ಲಿ ದೊಡ್ಡ ಮೊತ್ತವನ್ನು ಸೋತಳು. ಅರ್ಧ ವರ್ಷದಲ್ಲಿ ಅರ್ಧ ಮಿಲಿಯನ್ ಖರ್ಚಾಗಿದೆಯೆಂದು ಲೆಕ್ಕ ತೋರಿಸಿದ ಗಂಡ ಆ ಸಾಲವನ್ನು ತೀರಿಸಲು ಒಪ್ಪಲಿಲ್ಲ. ಆಗ ಸೇಂಟ್-ಜೆರ್ಮೇನ್ ಎಂಬ ನಿಗೂಢ ವ್ಯಕ್ತಿ ಹಣದ ಬದಲು ಮೂರು ಎಲೆಗಳ ರಹಸ್ಯವನ್ನು ಕೊಟ್ಟ. ಅವುಗಳಿಂದ ಆಕೆ ಕಳೆದುಕೊಂಡದ್ದನ್ನೆಲ್ಲ ಮರಳಿ ಗೆದ್ದಳು. ಆಕೆಯ ನಾಲ್ವರು ಗಂಡುಮಕ್ಕಳೂ ಕಡು ಜೂಜುಕೋರರಾಗಿದ್ದರೂ ಅವರಲ್ಲಿ ಒಬ್ಬನಿಗೂ ಆ ರಹಸ್ಯ ಸಿಗಲಿಲ್ಲ. ಒಮ್ಮೆ ಮಾತ್ರ ಚಾಪ್ಲಿತ್‌ಸ್ಕಿ ಎಂಬ ಯುವಕ ಸುಮಾರು ಮೂರು ಲಕ್ಷ ಸೋತು ಹತಾಶನಾಗಿದ್ದಾಗ ಆಕೆ ಕನಿಕರಪಟ್ಟು, ಮುಂದೆಂದೂ ಆಡಬಾರದೆಂಬ ಷರತ್ತಿನ ಮೇಲೆ ಆ ಎಲೆಗಳನ್ನು ತಿಳಿಸಿದಳು, ಅವನೂ ಗೆದ್ದ. ಇದೇ ಚಾಪ್ಲಿತ್‌ಸ್ಕಿ ಕೋಟ್ಯಂತರ ಹಣವನ್ನು ಪೋಲುಮಾಡಿ ಕಡುಬಡತನದಲ್ಲಿ ಸತ್ತನೆಂಬ ಸಂಗತಿಯನ್ನೂ ಟೊಮ್‌ಸ್ಕಿ ಅದೇ ಉಸಿರಿನಲ್ಲಿ ಹೇಳುತ್ತಾನೆ. ಹೆರ್ಮನ್ ಕಥೆಯ ಒಂದು ಅರ್ಧವನ್ನು ಮಾತ್ರ ಕೇಳಿಸಿಕೊಂಡಂತಿದೆ.

ಕಥೆಯನ್ನು ಕೇಳಿದ ಮೇಲೆ ಅವನ ಮನಸ್ಸಿನಲ್ಲಿ ನಡೆಯುವ ತರ್ಕವನ್ನು ಇಲ್ಲಿ ದಾಖಲಿಸಬೇಕು, ಏಕೆಂದರೆ ಇಡೀ ಪ್ರಕರಣ ಅದರಲ್ಲಿ ಬೀಜರೂಪದಲ್ಲಿದೆ. ಆ ವೃದ್ಧೆಯ ಪರಿಚಯ ಮಾಡಿಕೊಂಡು ಕೃಪೆ ಗಳಿಸಬಹುದು, ಬೇಕಾದರೆ ಆಕೆಯ ಪ್ರಿಯಕರನೇ ಆಗಬಹುದು, ಆದರೆ ಅದಕ್ಕೆಲ್ಲ ಸಮಯ ಬೇಕು. ಆಕೆಗೋ 87 ವರ್ಷ, ಒಂದು ವಾರದಲ್ಲಿ, ಎರಡು ದಿನದಲ್ಲಿ ಸತ್ತುಹೋದರೂ ಹೋದಳು ಎಂದು ಅವನು ಯೋಚಿಸುತ್ತಾನೆ. 87ರ ವೃದ್ಧೆಯ ಪ್ರಿಯಕರನಾಗುವ ಯೋಚನೆಗೆ ಅವನಲ್ಲಿರುವ ತಕರಾರು ನೈತಿಕವಾದದ್ದಲ್ಲ, ವೇಳಾಪಟ್ಟಿಗೆ ಸಂಬಂಧಿಸಿದ್ದು. ಎಂದರೆ ಪ್ರಿಯಕರನ ಪಾತ್ರವನ್ನು ಅವನು ಹುಡುಗಿಯನ್ನು ನೋಡುವುದಕ್ಕೆ ಮೊದಲೇ ತನಗಾಗಿ ಕಾದಿರಿಸಿಕೊಂಡಿದ್ದಾನೆ, ಆ ಪಾತ್ರದ ಎದುರಿಗೆ ಯಾರು ನಿಲ್ಲುತ್ತಾರೆ ಎಂಬುದಷ್ಟೇ ತೀರ್ಮಾನವಾಗಬೇಕಿದೆ. ಹೀಗೆ ಯೋಚಿಸಿದ ಮೇಲೆ ಮತ್ತೆ ತನ್ನನ್ನು ತಾನೇ ತಡೆದು, ಲೆಕ್ಕಾಚಾರ, ಮಿತಿ, ದುಡಿಮೆ ಇವೇ ತನ್ನ ಮೂರು ನಿಶ್ಚಿತ ಎಲೆಗಳು, ತನ್ನ ಬಂಡವಾಳವನ್ನು ಮೂರು ಪಟ್ಟು, ಏಳು ಪಟ್ಟು ಮಾಡುವವು ಇವೇ ಎಂದು ಹೇಳಿಕೊಳ್ಳುತ್ತಾನೆ. ಈ ಮೂರು ಮತ್ತು ಏಳನ್ನು ನೆನಪಿನಲ್ಲಿಡಬೇಕು.

ಪ್ರೀತಿ ಎಂಬ ಸಾಧನ

ಅಲೆದಾಡುತ್ತ ಹೆರ್ಮನ್ ಒಂದು ಮನೆಯ ಮುಂದೆ ನಿಲ್ಲುತ್ತಾನೆ, ಅದು ಕೌಂಟೆಸ್‌ಳ ಮನೆಯೆಂದು ವಿಚಾರಿಸಿ ತಿಳಿಯುತ್ತಾನೆ, ಆ ರಾತ್ರಿ ನೋಟಿನ ಕಂತೆಗಳ ಕನಸು ಕಾಣುತ್ತಾನೆ, ಮರುದಿನ ಮತ್ತೆ ಅಲ್ಲಿಗೇ ಬಂದಾಗ ಕಿಟಕಿಯಲ್ಲಿ ಕಪ್ಪು ಕೂದಲಿನ, ಕಪ್ಪು ಕಣ್ಣಿನ ಹುಡುಗಿಯೊಬ್ಬಳನ್ನು ನೋಡುತ್ತಾನೆ. ಘಟನೆಗಳ ಈ ಅನುಕ್ರಮವನ್ನು ಪುಷ್ಕಿನ್ ಬಹಳ ಎಚ್ಚರದಿಂದ ಇಟ್ಟಿದ್ದಾನೆ: ಮೊದಲು ರಹಸ್ಯ, ಆಮೇಲೆ ಮನೆ, ಕಟ್ಟಕಡೆಗೆ ಕಿಟಕಿಯೊಳಗಿನ ಮುಖ.

ಆ ಮುಖ ಲಿಜಾವೆತಾ ಇವಾನೊವ್ನಾಳದು. ಕೌಂಟೆಸ್‌ಳ ಆಶ್ರಯದಲ್ಲಿ ಬೆಳೆದ ಬಡ ಹುಡುಗಿ. ಚಹಾ ಸುರಿದರೆ ಸಕ್ಕರೆ ಹೆಚ್ಚಾಯಿತೆಂದು ಬೈಗುಳ, ಕಾದಂಬರಿ ಓದಿ ಹೇಳಿದರೆ ಬರೆದವನ ತಪ್ಪುಗಳಿಗೂ ಅವಳೇ ಹೊಣೆ, ಗಾಡಿಯಲ್ಲಿ ಜೊತೆಗೆ ಹೋದರೆ ಹವೆಗೂ ರಸ್ತೆಗೂ ಅವಳೇ ಉತ್ತರ ಕೊಡಬೇಕು. ನಿಗದಿಯಾದ ಸಂಬಳ ಒಮ್ಮೆಯೂ ಪೂರ್ತಿ ಕೈಸೇರುವುದಿಲ್ಲ, ಆದರೆ ಉಡುಪು ಮಾತ್ರ ಸಿರಿವಂತರ ಮಟ್ಟಕ್ಕಿರಬೇಕು. ನೃತ್ಯಕೂಟಗಳಲ್ಲಿ ಎಲ್ಲರಿಗೂ ಅವಳ ಪರಿಚಯವಿದೆ, ಯಾರ ಗಮನವೂ ಅವಳ ಮೇಲಿಲ್ಲ. ಈ ಬದುಕಿನಿಂದ ತನ್ನನ್ನು ಬಿಡಿಸಿಕೊಂಡು ಹೋಗುವವನೊಬ್ಬನಿಗಾಗಿ ಅವಳು ಕಾಯುತ್ತಿದ್ದಾಳೆ. ಕೆಲವು ವಿಮರ್ಶಕರು ಇದನ್ನೂ ಒಂದು ಬಗೆಯ ಆಸೆಬುರುಕತನವೆಂದು ಹೆರ್ಮನ್‌ನ ಆಸೆಯ ಪಕ್ಕದಲ್ಲಿ ತೂಗುವುದುಂಟು. ಅದು ನನಗೆ ಒಪ್ಪಿಗೆಯಾಗುವುದಿಲ್ಲ. ಇಲ್ಲದವಳು ಬಯಸುವುದಕ್ಕೂ, ಇದ್ದವನು ಮತ್ತೊಬ್ಬರ ಇಲ್ಲದಿರುವಿಕೆಯನ್ನು ಬಳಸಿಕೊಳ್ಳುವುದಕ್ಕೂ ಅಂತರವಿದೆ, ಈ ಕಥೆ ನಿಂತಿರುವುದೇ ಆ ಅಂತರದ ಮೇಲೆ.

ಹೆರ್ಮನ್ ಬರೆದ ಮೊದಲ ಪ್ರೇಮಪತ್ರ ಒಂದು ಜರ್ಮನ್ ಕಾದಂಬರಿಯಿಂದ ಅಕ್ಷರಶಃ ಅನುವಾದಿಸಿ ನಕಲು ಮಾಡಿದ್ದು. ಲಿಜಾವೆತಾಳಿಗೆ ಜರ್ಮನ್ ಬರುವುದಿಲ್ಲವಾದ್ದರಿಂದ ನಕಲು ಗೊತ್ತಾಗುವುದಿಲ್ಲ, ಪತ್ರ ಅವಳಿಗೆ ತುಂಬ ಹಿಡಿಸುತ್ತದೆ. ಸ್ವಂತ ಮಾತಿನಲ್ಲಿ ಬರೆದರೆ ತಪ್ಪಬಹುದು. ಬೇರೆಡೆ ಈಗಾಗಲೇ ಫಲಿಸಿದ ಮಾತನ್ನು ಎತ್ತಿಕೊಂಡರೆ ತಪ್ಪುವ ಸಂಭವ ಕಡಿಮೆ. ಪಣ ಕಟ್ಟದೆ ಮೇಜಿನ ಪಕ್ಕ ಕುಳಿತುಕೊಳ್ಳುತ್ತಿದ್ದವನ ಸ್ವಭಾವ ಇಲ್ಲಿಯೂ ಹಾಗೆಯೇ ಇದೆ. ಕುತೂಹಲದ ವಿಷಯವೆಂದರೆ ಮುಂದಿನ ಪತ್ರಗಳನ್ನು ಅವನು ನಕಲು ಮಾಡುವುದಿಲ್ಲ. ಆವೇಶದಿಂದ, ತನ್ನದೇ ಭಾಷೆಯಲ್ಲಿ, ದಿನವೂ ಬರೆಯುತ್ತಾನೆ, ಮತ್ತು ಆ ಆವೇಶ ಸುಳ್ಳಲ್ಲವೆಂದು ನಿರೂಪಕ ಸ್ಪಷ್ಟವಾಗಿ ಸೂಚಿಸುತ್ತಾನೆ. ಹೆರ್ಮನ್‌ನನ್ನು ಬರಿಯ ಕಪಟಿಯೆಂದು ತಳ್ಳಿಹಾಕಲು ಆಗದಿರುವುದು ಈ ಕಾರಣಕ್ಕೆ. ಅವನೊಳಗಿನ ಉರಿ ನಿಜವಾದದ್ದು, ಅದು ಉರಿಯುತ್ತಿರುವುದು ಮೂರು ಎಲೆಗಳಿಗಾಗಿ. ಆದರೆ ಕಾಗದದ ಮೇಲೆ ಇಳಿದಾಗ ಆ ಉರಿ ಪ್ರೇಮದ ಉರಿಯಿಂದ ಬೇರೆಯಾಗಿ ಕಾಣುವುದಿಲ್ಲ, ಓದುವವಳಿಗೂ ಕಾಣುವುದಿಲ್ಲ, ಬಹುಶಃ ಬರೆಯುವವನಿಗೂ ಕಾಣುವುದಿಲ್ಲ. ಹಣದಾಸೆ ಪ್ರೀತಿಯ ಮುಖವಾಡ ತೊಡುವುದು ಹಳೆಯ ವಸ್ತು. ಹಣದಾಸೆ ತಾನೇ ಪ್ರೀತಿಯ ತೀವ್ರತೆಯನ್ನು ಪಡೆದುಕೊಳ್ಳುವುದನ್ನು ಇಷ್ಟು ನಿಖರವಾಗಿ ತೋರಿಸಿದ ಬರಹಗಳು ವಿರಳ. ಮೊದಲ ಬಾರಿ ಅವನನ್ನು ನೋಡಿದ ದಿನದಿಂದ ಮೂರು ವಾರ ಕಳೆಯುವುದರೊಳಗೆ ಲಿಜಾವೆತಾ ಅವನಿಗೆ ಉತ್ತರ ಬರೆಯುತ್ತಿದ್ದಾಳೆ ಮತ್ತು ರಾತ್ರಿಯ ಭೇಟಿಗೆ ದಾರಿ ತೋರಿಸುತ್ತಿದ್ದಾಳೆ.

ಎರಡು ಬಾಗಿಲುಗಳು

ಅವಳು ಪತ್ರದಲ್ಲಿ ಕೊಟ್ಟ ಸೂಚನೆಯಂತೆ, ಕೌಂಟೆಸ್ ನೃತ್ಯಕೂಟಕ್ಕೆ ಹೋದ ರಾತ್ರಿ ಹನ್ನೊಂದೂವರೆಗೆ ಹೆರ್ಮನ್ ಮನೆಯೊಳಗೆ ಬರಬೇಕು, ಕೌಂಟೆಸ್‌ಳ ಮಲಗುವ ಕೋಣೆಯನ್ನು ಹೊಗಬೇಕು. ಅಲ್ಲಿ ಪರದೆಯ ಹಿಂದೆ ಎರಡು ಬಾಗಿಲುಗಳಿವೆ. ಎಡಗಡೆಯದು ಓಣಿಯನ್ನು ದಾಟಿ, ಸುತ್ತುಮೆಟ್ಟಿಲ ಮೂಲಕ ಲಿಜಾವೆತಾಳ ಕೋಣೆಗೆ ಒಯ್ಯುತ್ತದೆ. ಬಲಗಡೆಯದು ಕೌಂಟೆಸ್ ಎಂದೂ ಕಾಲಿಡದ ಕತ್ತಲ ಕೋಣೆಗೆ. ಹೆರ್ಮನ್ ಎಡಗಡೆಯ ಬಾಗಿಲನ್ನು ತೆರೆದು ಆ ಮೆಟ್ಟಿಲನ್ನು ನೋಡುತ್ತಾನೆ, ಹಿಂದಿರುಗಿ ಬಲಗಡೆಯ ಕೋಣೆಗೆ ಹೋಗಿ ಅಡಗಿಕೊಳ್ಳುತ್ತಾನೆ. ಪುಷ್ಕಿನ್ ಇದಕ್ಕೆ ಒಂದು ಮಾತಿನ ವ್ಯಾಖ್ಯಾನವನ್ನೂ ಸೇರಿಸುವುದಿಲ್ಲ. ರಾತ್ರಿ ಎರಡು ಗಂಟೆಗೆ ಗಾಡಿ ಮರಳಿದಾಗ ಲಿಜಾವೆತಾ ಅವಸರವಾಗಿ ಮೆಟ್ಟಿಲೇರಿ ಹೋದ ಸದ್ದು ಅವನಿಗೆ ಕೇಳುತ್ತದೆ. ಎದೆಯಲ್ಲಿ ಪಶ್ಚಾತ್ತಾಪದಂಥದ್ದೇನೋ ಮಿಡಿದು ತಣ್ಣಗಾಗುತ್ತದೆ.

ಅನಂತರ ಅವನು ವೃದ್ಧೆಯ ಮುಂದೆ ನಿಂತು ಮಾಡುವ ಬೇಡಿಕೆ ಈ ಪ್ರಕರಣದ ಅತ್ಯಂತ ಮುಖ್ಯ ಸಾಕ್ಷ್ಯ. ಮೊದಲು ವ್ಯವಹಾರದ ಮಾತು: ರಹಸ್ಯವನ್ನು ಯಾರಿಗಾಗಿ ಕಾಪಾಡುತ್ತಿದ್ದೀರಿ, ಮೊಮ್ಮಕ್ಕಳಿಗೋ, ಅವರು ಶ್ರೀಮಂತರು, ಹಣದ ಬೆಲೆ ಅರಿಯದವರು, ನಾನು ದುಂದುಗಾರನಲ್ಲ. ಅದೆಲ್ಲ ತಮಾಷೆಯ ಮಾತಾಗಿತ್ತೆಂದು ಆಕೆ ಹೇಳಿದರೂ ಅವನು ನಂಬುವುದಿಲ್ಲ. ಆಮೇಲೆ ಮೊಣಕಾಲೂರಿ, ನಿಮ್ಮ ಹೃದಯ ಎಂದಾದರೂ ಪ್ರೀತಿಯನ್ನು ಅರಿತಿದ್ದರೆ, ನವಜಾತ ಮಗುವಿನ ಅಳು ಕೇಳಿ ಒಮ್ಮೆಯಾದರೂ ನಕ್ಕಿದ್ದರೆ ಎಂದು ಆರಂಭಿಸಿ, ಹೆಂಡತಿಯ, ಪ್ರೇಯಸಿಯ, ತಾಯಿಯ ಭಾವನೆಗಳ ಹೆಸರಿನಲ್ಲಿ ಬೇಡುತ್ತಾನೆ. ಆ ರಹಸ್ಯದಲ್ಲಿ ಪಾಪವಿದ್ದರೆ ಅದನ್ನು ತನ್ನ ಆತ್ಮದ ಮೇಲೆ ಹೊರುವೆನೆನ್ನುತ್ತಾನೆ. ಲಿಜಾವೆತಾ ಮೇಲಿನ ಕೋಣೆಯಲ್ಲಿ ಕಾಯುತ್ತಿರುವ ಪ್ರೇಮದ ಮಾತುಗಳೆಲ್ಲ ಕೆಳಗೆ 87 ವರ್ಷದ ವೃದ್ಧೆಯ ಕಾಲ ಬಳಿ, ಮೂರು ಎಲೆಗಳಿಗಾಗಿ ಖರ್ಚಾಗುತ್ತವೆ. ಉತ್ತರ ಬಾರದಿದ್ದಾಗ ಅವನು ಪಿಸ್ತೂಲು ತೆಗೆಯುತ್ತಾನೆ, ಆಕೆ ಭಯದಿಂದಲೇ ಸಾಯುತ್ತಾಳೆ. ಪಿಸ್ತೂಲಿನಲ್ಲಿ ಗುಂಡಿರಲಿಲ್ಲ. ಬೆದರಿಕೆಯಲ್ಲಿಯೂ ಅಪಾಯವನ್ನು ಮೈಮೇಲೆ ಎಳೆದುಕೊಳ್ಳದ ಎಚ್ಚರಿಕೆ ಅವನದು. ಆದರೆ ಹೆದರಿದವಳಿಗೆ ಗುಂಡಿನ ಲೆಕ್ಕ ತಿಳಿದಿರಲಿಲ್ಲ.

ಮೇಲೆ ಹೋಗಿ ಅವನು ನಡೆದದ್ದನ್ನು ಹೇಳಿದಾಗ ಲಿಜಾವೆತಾಳಿಗೆ ಎಲ್ಲವೂ ಅರ್ಥವಾಗುತ್ತದೆ: ಆ ಪತ್ರಗಳು, ಆ ಹಟ, ಆ ಕಾತರ ಯಾವುದೂ ಪ್ರೀತಿಯಾಗಿರಲಿಲ್ಲ, ತನ್ನ ಪೋಷಕಿಯನ್ನು ಕೊಂದವನಿಗೆ ತಾನು ಕುರುಡಾಗಿ ನೆರವಾದೆ. ಅವಳ ಕಣ್ಣೀರಾಗಲಿ, ದುಃಖದಲ್ಲೂ ಮಾಸದ ಅವಳ ಚೆಲುವಾಗಲಿ ಅವನನ್ನು ತಟ್ಟುವುದಿಲ್ಲ. ಸತ್ತವಳ ನೆನಪೂ ಅವನನ್ನು ಕಾಡುವುದಿಲ್ಲ. ಅವನನ್ನು ನಡುಗಿಸುವುದು ಒಂದೇ ಸಂಗತಿ, ಸಂಪತ್ತನ್ನು ತರಬೇಕಾಗಿದ್ದ ರಹಸ್ಯ ಇನ್ನೆಂದೂ ಸಿಗದಂತೆ ಕಳೆದುಹೋಯಿತು ಎಂಬುದು. ಇಷ್ಟರ ಮೇಲೂ ಹೊರಹೋಗುವ ಗುಪ್ತ ಮೆಟ್ಟಿಲಿನ ಬೀಗದಕೈಯನ್ನು ಅವನಿಗೆ ಕೊಡುವವಳು ಲಿಜಾವೆತಾಳೇ.

ತೀರಿಸದೆ ಉಳಿದ ಷರತ್ತು

ಮೂರು ದಿನಗಳ ನಂತರ ಹೆರ್ಮನ್ ಅಂತ್ಯಕ್ರಿಯೆಗೆ ಹೋಗುತ್ತಾನೆ. ನಂಬಿಕೆ ಕಡಿಮೆಯಿದ್ದು ಮೂಢನಂಬಿಕೆ ಹೆಚ್ಚಿದ್ದ ಅವನಿಗೆ ಸತ್ತವಳಿಂದ ಕೇಡಾದೀತೆಂಬ ಅಂಜಿಕೆ. ಅಂದು ಎಂದಿಗಿಂತ ಹೆಚ್ಚು ಕುಡಿಯುತ್ತಾನೆ. ಆ ರಾತ್ರಿ ಮೂರಕ್ಕೆ ಕಾಲು ಗಂಟೆಯಿರುವಾಗ ಕೌಂಟೆಸ್‌ಳ ಪ್ರೇತ ಬಂದು ಮೂರು, ಏಳು, ಎಕ್ಕ ಈ ಎಲೆಗಳು ಕ್ರಮವಾಗಿ ಗೆಲ್ಲುತ್ತವೆ ಎನ್ನುತ್ತದೆ. ಒಂದು ದಿನಕ್ಕೆ ಒಂದೇ ಎಲೆ, ಆಮೇಲೆ ಬದುಕಿನಲ್ಲಿ ಮತ್ತೆಂದೂ ಆಡಬಾರದು. ಇವು ರಹಸ್ಯಕ್ಕೆ ಕಟ್ಟಿದ ಷರತ್ತುಗಳು. ತನ್ನ ಸಾವನ್ನು ಕ್ಷಮಿಸುವುದಕ್ಕೆ ಆಕೆ ಇಡುವ ಷರತ್ತು ಬೇರೆಯೇ: ಅವನು ಲಿಜಾವೆತಾ ಇವಾನೊವ್ನಾಳನ್ನು ಮದುವೆಯಾಗಬೇಕು.

ಇದು ನಿಜವಾದ ಪ್ರೇತವೋ, ಕುಡಿದವನ ಭ್ರಮೆಯೋ ಎಂಬ ಪ್ರಶ್ನೆಯನ್ನು ಪುಷ್ಕಿನ್ ಬಿಡಿಸುವುದಿಲ್ಲ. ಮೂರು ಪಟ್ಟು, ಏಳು ಪಟ್ಟು ಎಂದು ಹೆರ್ಮನ್ ಮೊದಲೇ ತನ್ನೊಳಗೆ ಹೇಳಿಕೊಂಡಿದ್ದನ್ನು ನೆನೆದರೆ, ಪ್ರೇತ ಹೇಳಿದ ಸಂಖ್ಯೆಗಳು ಅವನದೇ ತಲೆಯಿಂದ ಬಂದಿರಬಹುದೆಂಬ ಅನುಮಾನ ಬಲವಾಗುತ್ತದೆ. ಹಾಗಾದರೆ ಮದುವೆಯ ಷರತ್ತೂ ಅಲ್ಲಿಂದಲೇ ಬಂದಿರಬೇಕಲ್ಲವೇ? ಪ್ರೇತವನ್ನು ನಂಬುವ ಓದುಗನಿಗೆ ಅದು ಸತ್ತವಳ ಆಜ್ಞೆ, ನಂಬದ ಓದುಗನಿಗೆ ಅದು ಹೆರ್ಮನ್‌ನ ಅಂತಸ್ಸಾಕ್ಷಿ ಹಾಕಿದ ಲೆಕ್ಕದ ಚೀಟಿ. ಎರಡರಲ್ಲಿ ಯಾವುದಾದರೂ ಸರಿ, ಅವನು ಕಂಡದ್ದನ್ನು ಬರೆದಿಟ್ಟುಕೊಳ್ಳುತ್ತಾನೆ, ಸಂಖ್ಯೆಗಳನ್ನು ಜಪಿಸುತ್ತಾನೆ, ಲಿಜಾವೆತಾಳ ಕಡೆಗೆ ಮಾತ್ರ ತಿರುಗಿಯೂ ನೋಡುವುದಿಲ್ಲ. ಬೀದಿಯಲ್ಲಿ ಚೆಲುವೆಯೊಬ್ಬಳನ್ನು ಕಂಡರೆ ಅವನಿಗೆ ಅವಳು ಆಟೀನಿನ ಮೂರರಂತೆ ತೆಳ್ಳಗೆ ತೋರುತ್ತಾಳೆ; ಹೊಟ್ಟೆ ಬೆಳೆದ ಗಂಡಸರೆಲ್ಲ ಎಕ್ಕದಂತೆ ಕಾಣುತ್ತಾರೆ. ಮನುಷ್ಯರನ್ನು ಎಲೆಗಳಂತೆ ಬಳಸಿದವನಿಗೆ ಈಗ ಮನುಷ್ಯರು ಎಲೆಗಳಾಗಿಯೇ ಗೋಚರಿಸುತ್ತಿದ್ದಾರೆ.

ಮೂರು ರಾತ್ರಿಗಳ ಲೆಕ್ಕ

ಆಡುವ ಆಟ ಫೇರೋ. ನಮ್ಮ ಅಂದರ್ ಬಾಹರ್ ಬಲ್ಲವರಿಗೆ ಇದರ ಕ್ರಮ ಅಪರಿಚಿತವೆನಿಸದು. ಆಡುವವನು ತನ್ನ ಕಟ್ಟಿನಿಂದ ಒಂದು ಎಲೆಯನ್ನು ಆರಿಸಿ ಪಣ ಕಟ್ಟುತ್ತಾನೆ; ಆಟ ನಡೆಸುವವನು ಬೇರೊಂದು ಕಟ್ಟಿನಿಂದ ಬಲಕ್ಕೊಂದು, ಎಡಕ್ಕೊಂದು ಎಲೆಯನ್ನು ಹಾಕುತ್ತ ಹೋಗುತ್ತಾನೆ; ಆರಿಸಿದ ಎಲೆ ಬಲಕ್ಕೆ ಬಿದ್ದರೆ ಆಡಿದವನಿಗೆ ಸೋಲು, ಎಡಕ್ಕೆ ಬಿದ್ದರೆ ಗೆಲುವು. ಮಾಸ್ಕೋದಿಂದ ಬಂದ ಚೆಕಲಿನ್‌ಸ್ಕಿಯ ಮೇಜಿನಲ್ಲಿ ಹೆರ್ಮನ್ ತನ್ನ ಇಡೀ ಬಂಡವಾಳವಾದ 47 ಸಾವಿರ ರೂಬಲನ್ನು ಮೂರರ ಮೇಲೆ ಕಟ್ಟುತ್ತಾನೆ. ಅಲ್ಲಿ ಅದುವರೆಗೆ ಒಂದೇ ಎಲೆಯ ಮೇಲೆ ಯಾರೂ 275ಕ್ಕಿಂತ ಹೆಚ್ಚು ಕಟ್ಟಿರಲಿಲ್ಲ. ಮೂರು ಗೆಲ್ಲುತ್ತದೆ. ಮರುದಿನ ಏಳರ ಮೇಲೆ 94 ಸಾವಿರ, ಅದೂ ಗೆಲ್ಲುತ್ತದೆ. ಈಗ ಅವನ ಕೈಯಲ್ಲಿ 1,88,000 ಇದೆ. ಮೂಲಧನವನ್ನು ಕಳೆದರೆ ಲಾಭ 1,41,000, ಎಂದರೆ ಬಂಡವಾಳದ ಸರಿಯಾಗಿ ಮೂರು ಪಟ್ಟು. ಮೂರನೆಯ ರಾತ್ರಿಯೂ ಗೆದ್ದಿದ್ದರೆ ಒಟ್ಟು 3,76,000, ಲಾಭ 3,29,000, ಸರಿಯಾಗಿ ಏಳು ಪಟ್ಟು. ಮಿತಿ ಮತ್ತು ದುಡಿಮೆಯಿಂದ ಪಡೆಯುವೆನೆಂದು ಅವನು ಹೇಳಿಕೊಂಡಿದ್ದ ಮೊತ್ತ ಇದೇ. ಅವನು ತನ್ನ ಗುರಿಯನ್ನು ಹಿಗ್ಗಿಸಿಕೊಳ್ಳಲೇ ಇಲ್ಲ, ಅಲ್ಲಿಗೆ ತಲುಪಲು ಬೇಕಾದ ವರ್ಷಗಳನ್ನು ಮೂರು ರಾತ್ರಿಗಳಿಗೆ ಇಳಿಸಿದ, ಅಷ್ಟೇ.

ಮೂರನೆಯ ರಾತ್ರಿ ಉಳಿದವರೆಲ್ಲ ಆಟ ನಿಲ್ಲಿಸಿ ಸುತ್ತ ನೆರೆಯುತ್ತಾರೆ. ಎಲೆ ಹಾಕುವ ಚೆಕಲಿನ್‌ಸ್ಕಿಯ ಕೈ ನಡುಗುತ್ತದೆ. ಬಲಕ್ಕೆ ರಾಣಿ ಬೀಳುತ್ತದೆ, ಎಡಕ್ಕೆ ಎಕ್ಕ. ಎಕ್ಕ ಗೆದ್ದಿತೆಂದು ಹೇಳಿ ಹೆರ್ಮನ್ ತನ್ನ ಎಲೆಯನ್ನು ತಿರುಗಿಸುತ್ತಾನೆ. ಅಲ್ಲಿರುವುದು ಎಕ್ಕವಲ್ಲ, ಇಸ್ಪೀಟು ರಾಣಿ. ರಹಸ್ಯ ಸುಳ್ಳಾಗಿರಲಿಲ್ಲ, ಎಕ್ಕ ನಿಜವಾಗಿಯೂ ಗೆಲ್ಲುವ ಕಡೆಗೇ ಬಿದ್ದಿತ್ತು. ತಪ್ಪಿದ್ದು ತನ್ನದೇ ಕಟ್ಟಿನಿಂದ ಎಲೆಯನ್ನು ಎಳೆದ ಅವನ ಬೆರಳು. ಪತ್ರದಿಂದ ಪಿಸ್ತೂಲಿನವರೆಗೆ ಪ್ರತಿಯೊಂದು ಹೆಜ್ಜೆಯಲ್ಲೂ ಆಕಸ್ಮಿಕವನ್ನು ಹೊರಗಿಟ್ಟವನು ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ತನ್ನನ್ನು ಮಾತ್ರ. ಅಂತಸ್ಸಾಕ್ಷಿಯೇ ಆ ಬೆರಳನ್ನು ತಪ್ಪಿಸಿತೆನ್ನುವವರಿದ್ದಾರೆ, ಪ್ರೇತದ ಸೇಡೆನ್ನುವವರೂ ಇದ್ದಾರೆ. ಮದುವೆಯ ಷರತ್ತು ತೀರದೆ ಉಳಿದಿತ್ತೆಂಬುದನ್ನು ಎರಡೂ ಪಕ್ಷದವರು ಒಪ್ಪಲೇಬೇಕು. ಎಲೆಯೊಳಗಿನ ರಾಣಿ ಕಣ್ಣು ಮಿಟುಕಿಸಿ ನಕ್ಕಂತೆ ಅವನಿಗೆ ಕಾಣುತ್ತದೆ, ಆ ಮುಖದಲ್ಲಿ ಅವನು ಕೌಂಟೆಸ್‌ಳನ್ನು ಗುರುತಿಸುತ್ತಾನೆ. ಚೆಕಲಿನ್‌ಸ್ಕಿ ಹಣವನ್ನು ಎಳೆದುಕೊಂಡು ಎಲೆಗಳನ್ನು ಕಲೆಸುತ್ತಾನೆ, ಆಟ ಎಂದಿನಂತೆ ಮುಂದುವರಿಯುತ್ತದೆ.

ಕಥೆ ಪ್ರಕಟವಾದ ಮೇಲೆ, 1834ರ ಏಪ್ರಿಲ್‌ನಲ್ಲಿ, ಜೂಜುಕೋರರು ಮೂರು, ಏಳು, ಎಕ್ಕದ ಮೇಲೆ ಪಣ ಕಟ್ಟುತ್ತಿದ್ದಾರೆಂದು ಪುಷ್ಕಿನ್ ತನ್ನ ದಿನಚರಿಯಲ್ಲಿ ಬರೆದುಕೊಂಡ. ಅವರ ಓದೂ ಹೆರ್ಮನ್‌ನದೇ ಬಗೆಯದು.

ಉಳಿದುಕೊಂಡವರು

ಕೊನೆಯ ಟಿಪ್ಪಣಿ ಕೆಲವೇ ಸಾಲುಗಳದು. ಹೆರ್ಮನ್ ಓಬುಖೊವ್ ಆಸ್ಪತ್ರೆಯ 17ನೆಯ ನಂಬರಿನ ಕೋಣೆಯಲ್ಲಿದ್ದಾನೆ, ಯಾವ ಪ್ರಶ್ನೆಗೂ ಉತ್ತರಿಸದೆ ಎಲೆಗಳ ಹೆಸರನ್ನಷ್ಟೇ ಗೊಣಗುತ್ತಾನೆ. ಲಿಜಾವೆತಾ ಸೌಮ್ಯ ಸ್ವಭಾವದ ಯುವಕನೊಬ್ಬನನ್ನು ಮದುವೆಯಾಗಿದ್ದಾಳೆ. ಅವನಿಗೆ ಎಲ್ಲೋ ನೌಕರಿಯಿದೆ, ಒಳ್ಳೆಯ ಆಸ್ತಿಯಿದೆ, ಅವನು ಕೌಂಟೆಸ್‌ಳ ಹಿಂದಿನ ಪಾರುಪತ್ಯಗಾರನ ಮಗ. ಅವಳ ಮನೆಯಲ್ಲಿ ಈಗ ಒಬ್ಬ ಬಡ ಸಂಬಂಧಿಕ ಹುಡುಗಿ ಆಶ್ರಯದಲ್ಲಿ ಬೆಳೆಯುತ್ತಿದ್ದಾಳೆ. ಓದುಗ ಇಲ್ಲಿ ಹಿಂದಿನ ಪುಟಗಳಿಗೆ ಮರಳಬೇಕು: ಸಾಯುತ್ತಿದ್ದ ಮುದುಕಿಯನ್ನು ಮನೆಯ ಆಳುಗಳು ಪೈಪೋಟಿಯಿಂದ ದೋಚುತ್ತಿದ್ದರೆಂಬ ವಾಕ್ಯ ಅಲ್ಲಿದೆ. ಪಾರುಪತ್ಯಗಾರನ ಮಗನ ಆಸ್ತಿ ಎಲ್ಲಿಂದ ಬಂತೆಂದು ಪುಷ್ಕಿನ್ ಹೇಳುವುದಿಲ್ಲ, ಊಹಿಸುವುದು ಕಷ್ಟವೂ ಅಲ್ಲ. ಒಂದೇ ರಾತ್ರಿಯಲ್ಲಿ ಕೌಂಟೆಸ್‌ಳಿಂದ ಎಲ್ಲವನ್ನೂ ಕಸಿಯಲು ಬಂದವನು ಹುಚ್ಚನಾದ, ವರ್ಷಗಳ ಕಾಲ ಸ್ವಲ್ಪಸ್ವಲ್ಪವೇ ಕದ್ದವನ ಮಗ ಗೌರವಸ್ಥ ಗಂಡನಾದ. ದುರಾಸೆಗೆ ತಕ್ಕ ಶಾಸ್ತಿ ಆಗಿಯೇ ಆಗುತ್ತದೆಂಬ ಸಮಾಧಾನವನ್ನು ಈ ಕಥೆಯಿಂದ ಪಡೆಯಲಾಗದಿರುವುದು ಇದರಿಂದಲೇ.

ರಷ್ಯನ್ ಸಂಗೀತ ಸಂಯೋಜಕ ಚೈಕೋವ್‌ಸ್ಕಿ 1890ರಲ್ಲಿ ಇದೇ ಕಥೆಯನ್ನು ಒಪೆರಾ, ಎಂದರೆ ಸಂಗೀತ ನಾಟಕ, ಆಗಿಸಿದಾಗ ಈ ಕೊನೆಯನ್ನು ಉಳಿಸಿಕೊಳ್ಳಲಿಲ್ಲ. ಅಲ್ಲಿ ಹುಡುಗಿ ಕೌಂಟೆಸ್‌ಳ ಮೊಮ್ಮಗಳು, ರಾಜಕುಮಾರನೊಬ್ಬನೊಂದಿಗೆ ಅವಳ ಮದುವೆ ಗೊತ್ತಾಗಿದೆ. ಹೆರ್ಮನ್ ಅವಳನ್ನು ಮೊದಲು ನಿಜವಾಗಿಯೇ ಪ್ರೀತಿಸುತ್ತಾನೆ, ಅವಳಿಗೆ ಸಮನಾಗಲೆಂದೇ ಹಣ ಬಯಸಿ ಕ್ರಮೇಣ ಹಣದ ಹುಚ್ಚಿಗೆ ಬೀಳುತ್ತಾನೆ. ಅವಳು ಕಾಲುವೆಗೆ ಹಾರಿ ಸಾಯುತ್ತಾಳೆ, ಅವನು ಇರಿದುಕೊಂಡು ಸಾಯುತ್ತಾನೆ. ರಂಗದ ಮೇಲೆ ಇದು ಪರಿಣಾಮಕಾರಿ, ಸಂಗೀತ ಅಸಾಧಾರಣವಾದದ್ದು, ಸಭಿಕರು ಇಬ್ಬರಿಗಾಗಿಯೂ ಮರುಗಬಹುದು. ಆದರೆ ಪ್ರೀತಿಯನ್ನು ಮೊದಲು ಇಟ್ಟು ಹಣವನ್ನು ಆಮೇಲೆ ತಂದ ಕೂಡಲೇ ಹೆರ್ಮನ್ ದಾರಿ ತಪ್ಪಿದ ಪ್ರೇಮಿಯಾಗುತ್ತಾನೆ, ಮತ್ತು ಪಾರುಪತ್ಯಗಾರನ ಮಗನಿಗೆ ಅಲ್ಲಿ ಜಾಗವೇ ಇಲ್ಲದಂತಾಗುತ್ತದೆ. ಪುಷ್ಕಿನ್‌ನ ಹೆರ್ಮನ್ ದಾರಿ ತಪ್ಪಿದವನಲ್ಲ. ಎಡಗಡೆಯ ಬಾಗಿಲನ್ನು ತೆರೆದು ನೋಡಿ, ತಿಳಿದೇ ಬಲಗಡೆಗೆ ಹೋದವನು.